ಬಾವಿಗೆ ಬೀಗ, ಹೊಳೆಗೆ ಏಳು ಜನ

ಶಿಡ್ಲಘಟ್ಟ
9 ಫೆಬ್ರವರಿ 2025

ಮಧುಕುಮಾರ್ ಅವರಿಗೆ,

ಹೋದ ವರ್ಷ ನಮ್ಮ ಮುಷ್ಕರ ಮುಗಿದಾಗ ರೇಷ್ಮೆ ನೂಲು ತೆಗೆಯೋ ಫಿಲೇಚರಿನ ಮಾಲೀಕ ರಮೇಶ್‌ಬಾಬು ಒಪ್ಪಿಕೊಂಡದ್ದು ಇಷ್ಟು. ವಾರಕ್ಕೊಂದು ಪೂರ್ತಿ ರಜೆ. ಹೆಂಗಸರಿಗೆ ಬಾಗಿಲಿರುವ ಕಕ್ಕಸು. ಬೆಂದ ಕೈಗೆ ಮುಲಾಮು. ವರ್ಷಕ್ಕೊಂದು ಪ್ರವಾಸ, ಜಾಗ ಕೆಲಸಗಾರರು ಆರಿಸಿದ್ದು, ಖರ್ಚು ಮಾಲೀಕರದ್ದು.

ಕೊಟ್ಟದ್ದು ಇಷ್ಟು. ರಜೆ, ಅದೂ ಮಧ್ಯಾಹ್ನದ ಮೇಲೆ. ಬಾಗಿಲು, ಚಿಲಕ ಇಲ್ಲದ್ದು. ಮುಲಾಮು, ಒಂದೇ ಸಲ. ಪ್ರವಾಸ ಕೊಟ್ಟಿಲ್ಲ.

ಆ ಪ್ರವಾಸದ ವಿಷಯಕ್ಕೇ ಬರೀತಿದ್ದೀನಿ. ನಾನು ಶೋಭಾರಾಣಿ. ಜಂಗಮಕೋಟೆ ಹೈಸ್ಕೂಲು ಮುಗಿಯೋವರೆಗೂ ಒಂದೇ ಕ್ಲಾಸಲ್ಲಿದ್ವಿ. ಊರೂ ಒಂದೇ. ನಿಮ್ಮ ಮನೆ ಊರೊಳಗೆ, ನಮ್ಮದು ಕಾಲೊನಿ. ಈಗ ಇಲ್ಲಿ ರೇಷ್ಮೆಗೂಡು ಬಿಚ್ಚೋ ಕೆಲಸದಲ್ಲಿದ್ದೀನಿ, ಸಂಘದ ಕಾರ್ಯದರ್ಶಿಯೂ ನಾನೇ. ನೀವು ಕೊಡಗಿನ ಬರಪೊಳೆಯಲ್ಲಿ ದೋಣಿ ನಡೆಸ್ತೀರಿ ಅಂತ ನಿಮ್ಮ ತಾಯಿ ಲಕ್ಷ್ಮೀನರಸಮ್ಮನೋರು ಹೇಳಿ ಅಡ್ರೆಸ್ಸು ಕೊಟ್ರು. ಫೋನ್ ಮಾಡಿದೆ, ವ್ಯಾಪ್ತಿ ಪ್ರದೇಶದ ಹೊರಗಿದ್ದೀರಿ ಅಂತು. ಒಳ್ಳೇದೇ ಆಯ್ತು. ಬಾಯಿಮಾತು ನಂಬಿ ಕೆಟ್ಟೋರು ನಾವು, ಕಾಗದವೇ ಬೇಕು.

ನಾವು ಹೊಳೆ ಆರಿಸಿದ್ದು ಹೀಗೆ. ಊಟದ ಹೊತ್ತಲ್ಲಿ ಶಿರೀಷಾ ಅನ್ನೋ ಹುಡುಗಿ ಫೋನಲ್ಲಿ ವಿಡಿಯೋ ತೋರಿಸಿದಳು. ರಬ್ಬರ್ ದೋಣಿ, ಬಂಡೆ, ನೊರೆ, ಕಿರುಚಾಟ. ನಮ್ಮಲ್ಲೆಲ್ಲ ಹಿರಿಯೋಳು ನಮ್ಮ ಕಾಲೊನಿಯ ಚಿಕ್ಕವೆಂಕಟಮ್ಮ. ತಲೆ ನರೆಯೋವರೆಗೂ ಗೂಡು ಬೇಯಿಸೋ ಬಿಸಿನೀರಿನ ಬೇಸಿನ್ ಮುಂದೆ ಕೂತೋಳು. “ಏನೇ ಅಷ್ಟು ನೊರೆ, ನೀರು ಕುದೀತಾ ಇದೆಯಾ?” ಅಂದಳು.

“ಇಲ್ಲ ಅಜ್ಜಿ, ಐಸ್ ಥರ ಇರುತ್ತಂತೆ.”

“ತಣ್ಣೀರೂ ನೊರೆ ಏಳುತ್ತಾ? ಹಂಗಾದ್ರೆ ಅಲ್ಲಿಗೇ ಹೋಗಣ ಕಣೇ. ನಾನು ಕಂಡಿರೋ ನೊರೆಯೆಲ್ಲ ಕೈ ಸುಟ್ಟಿದ್ದೇ.”

ಅಷ್ಟೇ. ಯಾರೂ ಎರಡನೇ ಮಾತಾಡಲಿಲ್ಲ. ನಮ್ಮ ಕೈ ದಿನವಿಡೀ ನೀರಲ್ಲೇ ಇರುತ್ತೆ. ಬಿಸಿನೀರಲ್ಲಿ ಗೂಡು ತಿರುವಿ ಎಳೆ ಹುಡುಕಿ ಹುಡುಕಿ, ಹೆಬ್ಬೆರಳ ಗೆರೆ ಸವೆದು ರೇಷನ್ ಅಂಗಡಿ ಮಿಷನ್ನು ನಮ್ಮ ಗುರುತು ಹಿಡಿಯಲ್ಲ. ಆದ್ರೆ ಮೊಣಕೈಯಿಂದ ಮೇಲಕ್ಕೆ ನೀರು ಕಂಡೋರು ನಮ್ಮಲ್ಲಿ ಒಬ್ಬರೂ ಇಲ್ಲ.

ರಮೇಶ್‌ಬಾಬು ನಕ್ಕರು. “ಕೈವಾರಕ್ಕೆ ಹೋಗ್ರಮ್ಮ, ತಾತಯ್ಯನ ಮಠದಲ್ಲಿ ಊಟನೂ ಸಿಗುತ್ತೆ” ಅಂದ್ರು. ಕೈವಾರಕ್ಕೆ ನಾವು ಹೋಗ್ತೀವಿ, ನಮ್ಮ ಕಾಲಲ್ಲಿ, ನಮಗೆ ಬೇಕಾದಾಗ. ಇದು ಆ ಲೆಕ್ಕಕ್ಕೆ ಬರಲ್ಲ. ಕಡೆಗೆ ಒಂದು ಷರತ್ತು ಹಾಕಿದ್ರು: ಹೊಳೆಯೋರು ನಿಮ್ಮನ್ನ ಕರ್ಕೋತೀವಿ ಅಂತ ಜೂನ್ ಮುಗಿಯೋದರೊಳಗೆ ಬರೆದುಕೊಟ್ರೆ ವ್ಯಾನ್ ಕಳಿಸ್ತೀನಿ, ಇಲ್ಲಾಂದ್ರೆ ಕೈವಾರ. ಮೊದಲನೇ ವರ್ಷವೇ ‘ಕೆಲಸಗಾರರು ಆರಿಸಿದ ಜಾಗ’ ಅನ್ನೋ ಮಾತು ಬಿದ್ದುಹೋದ್ರೆ ಮುಂದೆ ಅದು ಏಳಲ್ಲ. ಅದರ ಹಿಂದೆ ಚಿಲಕ, ಮುಲಾಮು ಎಲ್ಲಾ ಹೋಗ್ತವೆ. ನಮಗೆ ಇದು ಬರೀ ಮೋಜಲ್ಲ ಅಂತ ತಿಳಿದರೆ ಸಾಕು.

ಏಳು ಜನ ಇದ್ದೀವಿ. ಕಷ್ಟದ ಹೊಳೆಯೇ ಬೇಕು. ಯಾವಾಗ ಬರಬೇಕು, ಏನು ತರಬೇಕು, ನಿಮ್ಮ ಕಟ್ಟುಪಾಡೇನು, ಬರೆದು ಕಳಿಸಿ.

ಇಂತಿ,
ಶೋಭಾರಾಣಿ

•

ಬರಪೊಳೆ ಕ್ಯಾಂಪ್, ದಕ್ಷಿಣ ಕೊಡಗು
21 ಫೆಬ್ರವರಿ 2025

ಶೋಭಾ,

ನೀನಾ! ಈ ಕಾಲದಲ್ಲೂ ಕಾಗದ ಬರೀತಾರಾ ಅಂತ ಇಲ್ಲಿ ಎಲ್ಲರೂ ನಕ್ಕರು. ನಾನು ಎರಡು ಸಲ ಓದಿದೆ. ಚಿಕ್ಕವೆಂಕಟಮ್ಮನ ಮಾತನ್ನ ನಮ್ಮ ಹುಡುಗರು ಅಡುಗೆಮನೆ ಗೋಡೆ ಮೇಲೆ ಬರೆದಿದ್ದಾರೆ.

ಈಗ ಬಂದರೆ ಇಲ್ಲಿ ಹೊಳೆ ಇಲ್ಲ, ಬಂಡೆಗಳ ಸಂತೆ ಇದೆ. ಜೂನ್ ಕಡೇಲಿ ಮಳೆ ಹಿಡಿದ್ರೆ ಸೆಪ್ಟೆಂಬರ್‌ವರೆಗೆ ನೀರು. ಒಂದು ದೋಣಿಗೆ ಏಳು ಜನ, ಹಿಂದೆ ಹುಟ್ಟು ಹಿಡಿದು ಗೈಡ್ ಒಬ್ಬ. ನಿಮ್ಮ ಲೆಕ್ಕ ಸರಿಯಾಗಿದೆ. ಆಗಸ್ಟ್ ಒಳ್ಳೇದು. ಹೊಳೇಲಿ ಎರಡು ಪಾಲು. ಕೆಳಗಿನದು ಸಲೀಸು. ಮೇಲಿನದು ಕಷ್ಟ, ಒಂದರ ಹಿಂದೆ ಒಂದು ಇಳಿಜಾರು, ಉಸಿರು ತಗೊಳ್ಳೋಕೂ ಬಿಡಲ್ಲ. ಮೇಲಿನದಕ್ಕೆ ಈಜು ಬರದವರನ್ನು ನಾವು ಕರ್ಕೊಳ್ಳಲ್ಲ. ಜಾಕೆಟ್, ಹೆಲ್ಮೆಟ್ ಎಲ್ಲಾ ಕೊಡ್ತೀವಿ, ಆದರೂ ಕರ್ಕೊಳ್ಳಲ್ಲ. ಅದು ಕ್ಯಾಂಪಿನ ನಿಯಮ.

ಅದೇನು ದೊಡ್ಡ ವಿಷಯ? ನಮ್ಮ ಗುಂಡುತೋಪಿನ ಬಾವೀಲಿ ಮತ್ತೆ ನೀರು ಬಂದಿದೆ ಅಂತ ಅಮ್ಮ ಹೇಳಿದ್ಲು. ಅಲ್ಲೇ ಕಲೀರಿ. ಸೊಂಟಕ್ಕೆ ಬೆಂಡು ಕಟ್ಕೊಂಡು ನಾಲ್ಕು ಭಾನುವಾರ ಬಿದ್ರೆ ಕಲ್ಲೂ ಈಜುತ್ತೆ. ಹಳೇ ಬೆಂಡು ನಮ್ಮ ಅಟ್ಟದ ಮೇಲೆ ಇನ್ನೂ ಇರಬೇಕು. ನೆನಪಿದೆಯಾ, ಆರನೇ ಕ್ಲಾಸಲ್ಲಿ ನಾವೆಲ್ಲ ಮೆಟ್ಟಿಲ ಮೇಲಿಂದ ಧುಮುಕ್ತಿದ್ದಾಗ ನೀನು ಕಟ್ಟೆ ಮೇಲೆ ಕೂತು ನಗ್ತಿದ್ದೆ.

ಕಲಿತು ಬನ್ನಿ. ಏಳು ಜನರನ್ನೂ ನಾನೇ ಕೂರಿಸ್ಕೋತೀನಿ.

ನಿನ್ನ ಕ್ಲಾಸ್‌ಮೇಟ್,
ಮಧು

•

ಶಿಡ್ಲಘಟ್ಟ
2 ಮಾರ್ಚ್ 2025

ಮಧುಕುಮಾರ್ ಅವರಿಗೆ,

ನಾನು ನಗ್ತಿರಲಿಲ್ಲ. ನಿಮ್ಮ ಬಟ್ಟೆ ಕಾಯ್ತಿದ್ದೆ.

ನೀವು ಧುಮುಕಿ ಈಜಾಡಿ ಮೇಲೆ ಬರೋವರೆಗೆ ನಿಮ್ಮ ಚಡ್ಡಿ, ಅಂಗಿ, ಪುಸ್ತಕದ ಚೀಲಗಳನ್ನ ಮೇಕೆ ತಿನ್ನದಂಗೆ ನೋಡಿಕೊಳ್ಳೋಕೆ ನನ್ನನ್ನ ಕೂರಿಸ್ತಿದ್ರಿ. ಅದೂ ಕಟ್ಟೆ ಮೇಲಲ್ಲ, ಹೊಂಗೆಮರದ ಕೆಳಗೆ. ಕಟ್ಟೆ ಮುಟ್ಟೋ ಹಂಗಿರಲಿಲ್ಲ. ಅದು ನಿಮಗೆ ನೆನಪಿಲ್ಲದೇ ಇರೋದರಲ್ಲಿ ಆಶ್ಚರ್ಯ ಏನಿಲ್ಲ. ನೀರಿನೊಳಗಿಂದ ನೋಡೋನಿಗೆ ದಡದಲ್ಲಿರೋರೆಲ್ಲ ನಗ್ತಿದ್ದಂಗೇ ಕಾಣ್ತಾರೆ.

“ಅಲ್ಲೇ ಕಲೀರಿ” ಅಂತೀರಿ. ಗೇಲಿ ಮಾಡ್ತಿದ್ದೀರೋ, ನಿಜಕ್ಕೂ ಗೊತ್ತಿಲ್ಲವೋ? ಗೊತ್ತಿಲ್ಲ ಅಂತಲೇ ಇಟ್ಕೊಂಡು ಹೇಳ್ತೀನಿ.

ಆ ಬಾವಿ ಬತ್ತಿದ ಮೇಲೆ ಅದು ಊರಿನ ತಿಪ್ಪೆ ಆಯ್ತು. ಒಡೆದ ಗಾಜು, ಸತ್ತ ಕೋಳಿ, ಎಲ್ಲಾ ಅದರೊಳಕ್ಕೆ. ನಮ್ಮ ಕಾಲೊನಿ ಹುಡುಗರು ಅದರ ತಳದಲ್ಲಿ ಗೋಲಿ ಆಡಿದ್ರು, ಯಾರೂ ಏಯ್ ಅನ್ನಲಿಲ್ಲ. ಉದ್ಯೋಗ ಖಾತ್ರಿ ಕೆಲಸದಲ್ಲಿ ಹೂಳು ತೆಗೆದೋರು ನಮ್ಮ ಹೆಂಗಸರು. ಚಿಕ್ಕವೆಂಕಟಮ್ಮನೂ ಅವಳ ಮಗಳೂ ಇದ್ರು, ಮಗಳ ಕಾಲಿಗೆ ಗಾಜು ಹೊಕ್ಕಿದ್ದು ಅಲ್ಲೇ. ಆಮೇಲೆ ಬೆಂಗಳೂರಿನ ಕೊಳಚೆ ಸೋಸಿ ನಮ್ಮ ಕೆರೆಗೆ ಬಿಟ್ರು. ಕೆರೆ ತುಂಬಿತು, ಬಾವಿ ತಳದಲ್ಲಿ ನೀರಿನ ಊಟೆ ಎದ್ದಿತು. ಊಟೆ ಜೊತೆಗೆ ಜಾತಿನೂ ಎದ್ದಿತು. ಬಾವಿ ಒಣಗಿದ್ದಾಗ ಊರಿನದಾಗಿತ್ತು, ನೀರು ಬಂದ ಮೇಲೆ ನಿಮ್ಮದಾಯ್ತು. ಗುಂಡುತೋಪು ಸರ್ಕಾರಿ ಜಾಗ ಅಂತ ಹಸುಳೆಗೂ ಗೊತ್ತು. ನಿಮ್ಮ ತಂದೆ ವೆಂಕಟರಾಯಪ್ಪನೋರು ಸುತ್ತ ಕಬ್ಬಿಣದ ಜಾಲರಿ ಹಾಕಿಸಿ ಗೇಟಿಗೆ ಬೀಗ ಜಡಿದಿದ್ದಾರೆ. ಭಾನುವಾರ ಊರೊಳಗಿನ ಹುಡುಗರಿಗೆ ಬೀಗ ತೆರೀತದೆ.

ಇನ್ನೊಂದು. ನಿಮ್ಮ ಕಾಗದವನ್ನ ಸಂಘದಲ್ಲಿ ಓದಿದೆ. ಮಾಲೀಕರ ಗುಮಾಸ್ತ ಅದರ ಫೋಟೋ ಹೊಡ್ಕೊಂಡ. ಮಾರನೇ ದಿನ “ಈಜು ಬರದವರನ್ನು ನಾವು ಕರ್ಕೊಳ್ಳಲ್ಲ” ಅನ್ನೋ ಸಾಲನ್ನ ದೊಡ್ಡದಾಗಿ ಮಾಡಿ ಫಿಲೇಚರ್ ಗೇಟಿಗೆ ಅಂಟಿಸಿದ್ರು. ಪಕ್ಕದಲ್ಲೇ ಕೈವಾರದ ಬಸ್ಸಿನ ವೇಳೆ.

ನೀವು ನನ್ನನ್ನ ‘ನೀನು’ ಅಂತೀರಿ, ನಾನು ‘ನೀವು’ ಅಂತೀನಿ. ಕ್ಲಾಸ್‌ಮೇಟ್ ಅಂತ ಸಹಿ ಹಾಕೋಕೆ ಮುಂಚೆ ಅದನ್ನೂ ಒಂದು ಸಲ ನೋಡಿಕೊಳ್ಳಿ.

ಶೋಭಾರಾಣಿ

•

ಬರಪೊಳೆ ಕ್ಯಾಂಪ್
15 ಮಾರ್ಚ್ 2025

ಶೋಭಾರಾಣಿ ಅವರಿಗೆ,

ಬೀಗದ ವಿಷಯ ನನಗೆ ಗೊತ್ತಿರಲಿಲ್ಲ. ಗೇಲಿ ಮಾಡಲಿಲ್ಲ.

ಸಂತೆ ದಿನ ಪೇಟೆಗೆ ಹೋದಾಗ ಅಪ್ಪನಿಗೆ ಫೋನ್ ಮಾಡಿದೆ. ಮಕ್ಕಳು ಬಿದ್ದು ಸತ್ತರೆ ಕೇಸು ತನ್ನ ಮೇಲೆ ಬರುತ್ತೆ, ಅದಕ್ಕೇ ಬೀಗ ಅಂದ್ರು. “ಯಾರನ್ನೂ ನಾನು ಬೇಡ ಅಂದಿಲ್ಲ, ಬೀಗದ ಕೈ ಮನೇಲೇ ಇದೆ, ಬಂದು ಕೇಳಿದ್ರೆ ಕೊಡಲ್ಲ ಅಂತೀನಾ” ಅಂದ್ರು. ಅವರು ಒರಟು, ಆದರೆ ಕೆಟ್ಟೋರಲ್ಲ. ನೀವು ಕೇಳದೇ ಇಷ್ಟು ಬರೆದಿರಿ ಅನಿಸ್ತು. ಒಂದು ಸಲ ಹೋಗಿ ಕೇಳಿ. ಯುಗಾದಿ ಹತ್ರ ಬಂತು. ಹಬ್ಬದ ದಿನ ಮನಸ್ಸು ಮೆತ್ತಗಿರುತ್ತೆ.

ಗೇಟಿಗೆ ಅಂಟಿಸಿದ ಸಾಲಿಗೆ ಬೇಸರ ಆಯ್ತು. ಅದರ ಕೆಳಗಿನ ಸಾಲು, ಕಲಿತು ಬನ್ನಿ ಅಂದದ್ದು, ಅದನ್ನೂ ಅಂಟಿಸಬೇಕಿತ್ತು.

ಮಧುಕುಮಾರ್

•

ಶಿಡ್ಲಘಟ್ಟ
1 ಏಪ್ರಿಲ್ 2025

ಮಧುಕುಮಾರ್ ಅವರಿಗೆ,

ಕೇಳಿದ್ವಿ.

ಈ ಸಲ ಯುಗಾದಿಯ ಮಾರನೇ ದಿನವೇ ರಂಜಾನ್. ಫಿಲೇಚರ್ ಎರಡು ದಿನ ಮುಚ್ಚಿತ್ತು. ಹಬ್ಬದ ಬೆಳಿಗ್ಗೆ ಚಿಕ್ಕವೆಂಕಟಮ್ಮ, ನಾನು, ನಮ್ಮ ಜೊತೆ ಗೂಡು ಬಿಚ್ಚೋ ಶಾತಾಜ್, ಶಿರೀಷಾ ನಿಮ್ಮ ಮನೆ ಹತ್ರ ಹೋದ್ವಿ. ಶಾತಾಜ್ ಉಪವಾಸ ಇದ್ದಳು. “ನಮ್ಮ ಹಬ್ಬ ನಾಳೆ, ನಿಮ್ಮ ಹಬ್ಬದಲ್ಲಿ ಬೈಸ್ಕೊಳ್ಳೋಕೆ ನಾನೂ ಬರ್ತೀನಿ” ಅಂತ ಬಂದಳು. ಗುಂಡುತೋಪಿನ ಕಡೆಯಿಂದ ಹುಡುಗರ ಕೇಕೆ ಕೇಳ್ತಿತ್ತು. ಎಣ್ಣೆ ಹಚ್ಚಿಕೊಂಡು ಸೀದಾ ಬಾವಿಗೆ ಬೀಳ್ತಿದ್ರು. ಎಷ್ಟೋ ವರ್ಷದ ಮೇಲೆ ಬಾವೀಲಿ ಯುಗಾದಿ ಸ್ನಾನ. ನಿಮ್ಮ ಕಾಲದ ಹಂಗೇ.

ನಾವು ಕೊಟ್ಟಿಗೆ ಹತ್ರ ನಿಂತ್ವಿ. ಕರೆದ ಮೇಲೆ ನಿಮ್ಮ ತಂದೆ ಹೊರಗೆ ಬಂದ್ರು. ಒಳ್ಳೇ ಮಾತಲ್ಲೇ ಶುರು ಮಾಡಿದ್ರು.

“ಏನಮ್ಮ ಚಿಕ್ಕವೆಂಕಟಮ್ಮ, ಹಬ್ಬದ ದಿನ ಎಲ್ಲಾ ಒಟ್ಟಿಗೆ?”

“ಬಾವಿ ಬೀಗದ ಕೈ ಬೇಕಿತ್ತು ಸಾಮಿ. ಈಜು ಕಲಿಯಣ ಅಂತ.”

“ಈಜಾ? ಈ ವಯಸ್ಸಲ್ಲಾ? ಈಜಿ ಯಾವ ಸಮುದ್ರ ದಾಟ್ತೀಯಮ್ಮ?”

“ಸಮುದ್ರ ಬೇಡ, ನಿಮ್ಮ ಮಗನ ಹೊಳೆ ಸಾಕು.”

ಅದಕ್ಕೆ ನಕ್ಕರು. ಒಳಗೆ ಹೋಗಿ ಬಂದ್ರು. ಬೀಗದ ಕೈ ತಂದ್ರು ಅಂದ್ಕೊಂಡ್ವಿ. ಮುತ್ತುಗದ ಎಲೇಲಿ ಒಬ್ಬಟ್ಟು ತಂದಿದ್ರು. ಎತ್ತರದಿಂದ ಒಬ್ಬೊಬ್ಬರ ಕೈಗೆ ಬಿಟ್ಟರು. ಆಮೇಲೆ ಹೇಳಿದ್ದು: “ನಂದೇನಿಲ್ಲಮ್ಮ, ಊರೋರು ಒಪ್ಪಲ್ಲ. ಮೊನ್ನೆ ತಾನೆ ಗಂಗಮ್ಮನ ಪೂಜೆ ಮಾಡ್ಸಿ ಬಾವಿ ಶುದ್ಧಿ ಮಾಡ್ಸಿದೀವಿ. ನೀವೇ ಯೋಚನೆ ಮಾಡಿ.”

ನಾನು ಬಾಯಿ ತೆಗೆಯೋದರೊಳಗೆ ಚಿಕ್ಕವೆಂಕಟಮ್ಮ ತೆಗೆದಳು. ಅವಳು ಬದುಕೆಲ್ಲ ಆ ಮನೆ ಮುಂದೆ ತಗ್ಗಿದ ದನೀಲಿ ಮಾತಾಡಿದೋಳು. ದನಿ ಏರಿಸಲಿಲ್ಲ.

“ಸಾಮಿ, ಆ ನೀರು ಬಂದಿರೋದು ಬೆಂಗಳೂರಿನ ಕಕ್ಕಸಿಂದ. ಯಾರ್‍ಯಾರು ಎಲ್ಲೆಲ್ಲಿ ಕೂತಿದ್ದೋ ದೇವರಿಗೇ ಗೊತ್ತು. ಅದಕ್ಕೆ ಪೂಜೆ ಮಾಡಿದ್ರೆ ಗಂಗಮ್ಮ. ನಾನು ಇಳಿದ್ರೆ ಮೈಲಿಗೆಯಾ?”

ನಿಮ್ಮ ತಂದೆ ಮುಖ ಕೆಂಪಗಾಯ್ತು. “ಹೊರಡಿ” ಅಂದ್ರು. ನಿಮ್ಮ ತಾಯಿ ಬಾಗಿಲಲ್ಲಿ ನಿಂತಿದ್ರು. ನಾವು ಬೀದಿ ತಿರುಗೋವರೆಗೂ ಒಳಗೆ ಹೋಗಲಿಲ್ಲ.

ಒಬ್ಬಟ್ಟು ಸಿಕ್ಕಿತು, ಬೀಗದ ಕೈ ಸಿಗಲಿಲ್ಲ. ಶಿರೀಷಾ ಎಸೀತೀನಿ ಅಂದಳು. ಚಿಕ್ಕವೆಂಕಟಮ್ಮ ಬಿಡಲಿಲ್ಲ, “ಬೇಳೆ ಏನು ತಪ್ಪು ಮಾಡಿತ್ತೇ” ಅಂತ ದಾರೀಲೇ ತಿಂದಳು.

‘ಕೇಳದೇ ಬರೆದಿರಿ’ ಅಂದಿದ್ರಿ. ಈಗ ಕೇಳಿ ಬರೆದಿದ್ದೀನಿ. ಅಂಬೇಡ್ಕರ್ ಅವರು ಮಹಾಡ್ ಕೆರೆ ನೀರನ್ನ ಬೊಗಸೇಲಿ ಎತ್ತಿ ನೂರು ವರ್ಷ ಆಗ್ತಾ ಬಂತು. ನಾವು ಇನ್ನೂ ಕೊಟ್ಟಿಗೆ ಹತ್ರ ನಿಂತು ಬೀಗದ ಕೈ ಕೇಳ್ತಿದ್ದೀವಿ.

ಶೋಭಾರಾಣಿ

•

ಬರಪೊಳೆ ಕ್ಯಾಂಪ್
9 ಏಪ್ರಿಲ್ 2025

ಶೋಭಾರಾಣಿ ಅವರಿಗೆ,

ಓದಿದೆ.

ಒಂದು ದಾರಿ ಇದೆ. ಹೊಳೆಯ ಕೆಳಗಿನ ಪಾಲಿಗೆ ಬನ್ನಿ. ಅದಕ್ಕೆ ಈಜು ಬೇಕಿಲ್ಲ. ನೀರು ಇದೆ, ನೊರೆನೂ ಸ್ವಲ್ಪ ಇದೆ. ಫೋಟೋ ಚೆನ್ನಾಗಿ ಬರುತ್ತೆ. ಕ್ಯಾಂಪಿನ ಒಪ್ಪಿಗೆ ಕಾಗದ ಇದರ ಜೊತೆ ಇಟ್ಟಿದ್ದೀನಿ. ಅದರಲ್ಲಿ ‘ಕೆಳಗಿನ ಹರಿವಿಗೆ ಮಾತ್ರ’ ಅಂತ ಸ್ಪಷ್ಟವಾಗಿ ಬರೆದಿದೆ. ಮಾಲೀಕರಿಗೆ ತೋರಿಸಿದ್ರೆ ನಿಮ್ಮ ಮಾತೂ ಉಳಿಯುತ್ತೆ, ಪ್ರವಾಸನೂ ಆಗುತ್ತೆ. ಬಾವಿ ವಿಷಯ ಸದ್ಯಕ್ಕೆ ಬಿಡಿ. ಊರಲ್ಲಿ ಗಲಾಟೆ ಆದ್ರೆ ಯಾರಿಗೂ ಒಳ್ಳೇದಲ್ಲ. ಅಪ್ಪನಿಗೆ ಬಿ.ಪಿ. ಇದೆ. ನಾನು ಊರಿಗೆ ಬಂದಾಗ ನಿಧಾನಕ್ಕೆ ಮಾತಾಡ್ತೀನಿ.

ಮೇಲಿನ ಹರಿವು ನಿಮಗೆ ಬೇಡ. ನನ್ನ ಮಾತು ಕೇಳಿ. ಅಲ್ಲಿ ಹೋದ ಸೆಪ್ಟೆಂಬರಲ್ಲಿ ಒಬ್ಬರು
ಬೇಡ, ಅಷ್ಟೇ.

ಮಧುಕುಮಾರ್

•

ಶಿಡ್ಲಘಟ್ಟ
20 ಏಪ್ರಿಲ್ 2025

ಮಧು,

ಇನ್ನು ಮೇಲೆ ‘ನೀನು’ ಅಂತೀನಿ. ಬಹುವಚನಕ್ಕೆ ತಕ್ಕ ಕೆಲಸ ನೀನು ಮಾಡಿಲ್ಲ.

ನಿನ್ನ ಕಾಗದ ಪೋಸ್ಟ್‌ಮ್ಯಾನ್ ತಂದದ್ದು ಹದಿನೇಳಕ್ಕೆ. ಅದರಲ್ಲಿ ಏನಿದೆ ಅಂತ ನನಗೆ ಹದಿನಾಲ್ಕಕ್ಕೇ ಗೊತ್ತಿತ್ತು. ಅವತ್ತು ಬೆಳಿಗ್ಗೆ ನಾವು ಕಾಲೊನೀಲಿ ಅಂಬೇಡ್ಕರ್ ಜಯಂತಿಗೆ ತೋರಣ ಕಟ್ತಿದ್ವಿ. ಹಾಲು ಹಾಕೋಕೆ ಡೈರಿಗೆ ಹೋಗಿದ್ದ ನಮ್ಮಕ್ಕ ಓಡಿಬಂದಳು. ನಿಮ್ಮಪ್ಪ ಡೈರಿ ಜಗಲಿ ಮೇಲೆ ಕೂತು ಎಲ್ಲರ ಮುಂದೆ ಹೇಳ್ತಿದ್ರಂತೆ: “ಬಾವಿ ಗೊಡವೆ ಮುಗೀತು ಬಿಡ್ರಪ್ಪ. ನನ್ನ ಮಗನಿಗೆ ಹೇಳಿದ್ದೀನಿ. ಈಜು ಬೇಡದ ಜಾಗಕ್ಕೆ ಬನ್ನಿ ಅಂತ ಅವನೇ ಬರೀತಾನೆ.”

ನಿನ್ನ ಕೈಬರಹ, ನಿಮ್ಮಪ್ಪನ ಮಾತು. ನಮ್ಮ ಹೊಳೆ ಯಾವುದು ಅಂತ ಈಗ ಮೂರು ಜನ ಆರಿಸ್ತಿದ್ದಾರೆ: ಮಾಲೀಕ, ನಿಮ್ಮಪ್ಪ, ನೀನು. ಆರಿಸೋ ಹಕ್ಕಿಗೆ ಮುಷ್ಕರ ಮಾಡಿದೋರು ಮಾತ್ರ ಆ ಲೆಕ್ಕದಲ್ಲಿಲ್ಲ.

ಒಪ್ಪಿಗೆ ಕಾಗದ ವಾಪಸ್ ಕಳಿಸಿದ್ದೀನಿ. ಇಲ್ಲಿ ಶಾತಾಜ್ ಒಂದು ಮಾತು ಹೇಳಿದಳು, ಅದನ್ನ ನಿನಗೆ ಮುಟ್ಟಿಸಬೇಕು. “ಸಣ್ಣ ನೀರಿಗೆ ಹೋಗೋದಾದ್ರೆ ಅಷ್ಟು ದೂರ ಯಾಕೆ? ಬೇಸಿನ್ ಒಳಗೇ ಕೂತ್ಕೊಳ್ಳಣ.”

ಇನ್ನು ನೀನು ಅರ್ಧಕ್ಕೆ ನಿಲ್ಲಿಸಿದ ಆ ಸಾಲು. ಹೋದ ಸೆಪ್ಟೆಂಬರಲ್ಲಿ ಒಬ್ಬರು ಏನಾದ್ರು? ಅದು ನಿಮ್ಮಪ್ಪನ ಮಾತಲ್ಲ, ನಿನ್ನದು. ಈ ಇಡೀ ಕಾಗದದಲ್ಲಿ ನಿಜ ಅನಿಸಿದ್ದು ಅದೊಂದೇ. ಅದನ್ನ ಪೂರ್ತಿ ಬರಿ. ಇಲ್ಲಾಂದ್ರೆ ಬರೀಬೇಡ.

ಶೋಭಾ

•

ಬರಪೊಳೆ ಕ್ಯಾಂಪ್
25 ಮೇ 2025

ಶೋಭಾ,

ಒಂದು ತಿಂಗಳು ಬರೀಲಿಲ್ಲ. ಬರೀಬೇಡ ಅಂದದ್ದೂ ನೀನೇ, ಪೂರ್ತಿ ಬರಿ ಅಂದದ್ದೂ ನೀನೇ. ಪೂರ್ತಿ ಬರೀತೀನಿ.

ಮೇಲಿನ ಹರಿವಿನಲ್ಲಿ ನನ್ನ ಮುಂದಿನ ದೋಣಿ ಮಗುಚಿತು. ಅದು ಅಪರೂಪ ಅಲ್ಲ, ಮಗುಚುತ್ತೆ. ಆರು ಜನ ಅತ್ತಿತ್ತ ತೇಲಿದ್ರು, ಹಗ್ಗ ಎಸೆದು ಎಳ್ಕೊಂಡ್ವಿ. ಏಳನೆಯವಳು ಕಾಣಲಿಲ್ಲ. ದೋಣಿ ಅಡಿಯಲ್ಲಿದ್ದಳು. ಜಾಕೆಟ್ ಇತ್ತು. ಆ ಜಾಕೆಟ್ಟೇ ಅವಳನ್ನ ಮೇಲಕ್ಕೆ ಎತ್ತಿ ದೋಣಿ ತಳಕ್ಕೆ ಒತ್ತಿ ಹಿಡಿದಿತ್ತು. ಅಂಥ ಹೊತ್ತಲ್ಲಿ ಕಣ್ಣು ಬಿಡಬೇಕು, ತಲೆ ಮೇಲಿನ ರಬ್ಬರಿಗೆ ಅಂಗೈ ಇಟ್ಟು ಒಂದೊಂದೇ ಕೈ ಸರಿಸ್ತಾ ಅಂಚಿಗೆ ಬರಬೇಕು. ಒಂದು ಮಾರೂ ದೂರ ಇಲ್ಲ. ಅವಳು ಈಜು ಬರುತ್ತೆ ಅಂತ ಫಾರಂನಲ್ಲಿ ಬರೆದಿದ್ದಳು, ಆದ್ರೆ ಎಂದೂ ತಲೆ ಮುಳುಗಿಸಿದೋಳಲ್ಲ. ಕಣ್ಣು ಮುಚ್ಚಿ, ಸಿಕ್ಕ ಹಗ್ಗವನ್ನ ಎರಡೂ ಕೈಯಲ್ಲಿ ಹಿಡಿದು ಅಲ್ಲೇ ನಿಂತುಬಿಟ್ಟಳು. ನಾನು ಒಳಗೆ ಹೋಗಿ ಬೆರಳು ಬಿಡಿಸಬೇಕಾಯ್ತು. ಬಿಡಿಸೋಕೆ ಆಗ್ತಿರಲಿಲ್ಲ, ಅಷ್ಟು ಬಿಗಿ. ಬದುಕಿದಳು. ಆಸ್ಪತ್ರೆಯಿಂದ ಅವಳ ಗಂಡ ಫೋನ್ ಮಾಡಿ, ಇನ್ನೂ ನಿದ್ದೇಲಿ ಮುಷ್ಟಿ ಬಿಗೀತಾಳೆ ಅಂದ.

ಅತಿಥಿಗಳಿಗೆ ಹೇಳಬೇಡಿ ಅಂತ ಕ್ಯಾಂಪಿನಲ್ಲಿ ಹೇಳಿದ್ರು. ನಿಮ್ಮ ಏಳು ಜನರ ಮಾತು ಬಂದಾಗೆಲ್ಲ ನನಗೆ ಕಾಣಿಸೋದು ಆ ಮುಷ್ಟಿ. ನಾನು ಪೇಟೆಗೆ ಹೋಗಿದ್ದಾಗ ಅಪ್ಪ ಫೋನ್ ಮಾಡಿದ್ದು ನಿಜ. ಆದರೆ ಅವರು ಮಾಡದೇ ಇದ್ದಿದ್ರೂ ನಿಮ್ಮನ್ನ ಮೇಲಿನ ಹರಿವಿಗೆ ಕೂರಿಸ್ತಿರಲಿಲ್ಲ. ಇದನ್ನ ನೀನು ನಂಬಬೇಕಿಲ್ಲ.

ನಿಯಮದಲ್ಲಿ ಈಜು ಅಂತ ಬರೆದಿದೆ. ಆದ್ರೆ ನೀವು ಕೈಕಾಲು ಬಡೀದಿದ್ರೂ ಜಾಕೆಟ್ ತೇಲಿಸುತ್ತೆ. ಬೇಕಾದ್ದು, ತಲೆ ನೀರಿನೊಳಗೆ ಹೋದಾಗ ಗಾಬರಿ ಬೀಳದೆ ಕಣ್ಣು ಬಿಟ್ಟಿರೋದು. ಬೆಂಡು ಕಟ್ಕೊಂಡು ಬಾವಿಗೆ ಬಿದ್ದೋನಿಗೆ ಅದು ತಾನಾಗೇ ಬರುತ್ತೆ. ಹುಡುಗರು ಒಬ್ಬರ ತಲೆ ಒಬ್ಬರು ಒತ್ತಿ ಕಲಿಸ್ತಾರೆ. ಪುಸ್ತಕದಲ್ಲಿ ಕಲಿಯೋಕಾಗಲ್ಲ, ಬಕೆಟ್‌ನಲ್ಲೂ ಆಗಲ್ಲ. ಆಳದ ನೀರೇ ಬೇಕು. ಕೆರೆ ತುಂಬಿದ್ರೂ ಅಲ್ಲಿ ಹೂಳಲ್ಲಿ ಕಾಲು ಹೂತುಹೋಗುತ್ತೆ. ನಿಮ್ಮ ಸುತ್ತ ಹತ್ತು ಮೈಲಿಯಲ್ಲಿ ಅದು ಇರೋದು ಒಂದೇ ಕಡೆ.

ಬಾವಿಗೆ ಬೀಗ ಹಾಕೋದು ಅಂದ್ರೆ ಏನು ಅಂತ ನನಗೆ ಇಲ್ಲಿ, ಹೊಳೆ ಪಕ್ಕ ಕೂತಾಗ ಗೊತ್ತಾಗ್ತಿದೆ.

ಒಂದು ಪಾರ್ಸಲ್ ಕಳಿಸ್ತಿದ್ದೀನಿ.

ಮಧು

•

ಶಿಡ್ಲಘಟ್ಟ
8 ಜೂನ್ 2025

ಮಧು,

ಪಾರ್ಸಲ್ ಬಂತು. ಏಳು ಜಾಕೆಟ್, ಒಂದು ಎಸೆಯೋ ಹಗ್ಗ. ಅದರೊಳಗಿದ್ದ ಕ್ಯಾಂಪಿನ ಕಾಗದವೂ ಸಿಕ್ಕಿತು: ‘ಏಳೂ ಜನ ಆಳದ ನೀರಿನಲ್ಲಿ ತಲೆ ಮುಳುಗಿಸಿ ಕಣ್ಣು ಬಿಟ್ಟು ತೋರಿಸಿದರೆ, ಗೈಡ್ ನೋಡಿ ಒಪ್ಪಿದರೆ, ಆಗಸ್ಟ್ ಹತ್ತು, ಮೇಲಿನ ಹರಿವು.’ ಇದನ್ನ ರಮೇಶ್‌ಬಾಬು ಮೇಜಿನ ಮೇಲೆ ಇಟ್ವಿ. ಓದಿ, “ಎಲ್ಲಿ ಮುಳುಗ್ತೀರಮ್ಮ, ನನ್ನ ಬೇಸಿನಲ್ಲಾ?” ಅಂದ್ರು. ಚಿಕ್ಕವೆಂಕಟಮ್ಮ, “ಅದರಲ್ಲಿ ಮುಳುಗಿದ್ದು ಸಾಕು, ವ್ಯಾನಿಗೆ ಡೀಸೆಲ್ ಹಾಕ್ಸಿ” ಅಂದಳು. ಗೇಟಿಗೆ ಅಂಟಿಸಿದ್ದ ಸಾಲನ್ನ ಶಿರೀಷಾ ಕಿತ್ತಳು. ಅದೇ ಜಾಗದಲ್ಲಿ ಈ ಕಾಗದದ ಜೆರಾಕ್ಸ್ ಅಂಟಿಸಿದಳು.

ನೀನು ಬರೆದ ಆ ಹೆಂಗಸಿನ ಕಥೆ ಏಳೂ ಜನರಿಗೆ ಓದಿ ಹೇಳಿದೆ. ಮುಚ್ಚಿಡಲಿಲ್ಲ. ಹೆದರಿಕೆ ಆಯ್ತು, ಇಲ್ಲ ಅನ್ನಲ್ಲ. ಒಬ್ಬಳು ಬರಲ್ಲ ಅಂದಳು, ಮಾರನೇ ದಿನ ಬರ್ತೀನಿ ಅಂದಳು. ಅವಳೇ ಕೇಳಿದ್ದು: “ಇದನ್ನ ಮೊದಲೇ ಹೇಳಿದ್ರೆ ಏನಾಗ್ತಿತ್ತಂತೆ ಅವನಿಗೆ? ನಾವು ಹೆದರ್ತೀವಿ ಅಂತ ಅವನು ಹೆದರಿದ್ನಾ?” ಉತ್ತರ ನೀನೇ ಹೇಳಬೇಕು.

ಬಾವಿ ವಿಷಯ. ತಹಶೀಲ್ದಾರರಿಗೆ, ಪೊಲೀಸ್ ಠಾಣೆಗೆ, ಪಂಚಾಯಿತಿಗೆ ಸಂಘದ ನೋಟೀಸು ಕೊಟ್ಟಿದ್ದೀವಿ. ಗುಂಡುತೋಪಿನ ಬಾವಿ ಸರ್ಕಾರದ್ದು, ಬೀಗ ತೆಗೆಸಿ, ತೆಗೆಸದಿದ್ರೂ ನಾವು ಇಳೀತೀವಿ ಅಂತ. ಕದ್ದು ಇಳಿಯಲ್ಲ. ಹಗಲು ಹೊತ್ತಿನಲ್ಲಿ, ಹೆಸರು ಬರೆದುಕೊಟ್ಟು ಇಳೀತೀವಿ. ತಹಶೀಲ್ದಾರರು “ಶಾಂತಿ ಸಭೆ ಮಾಡಣ” ಅಂದ್ರು. ಶಾಂತಿ ನಮ್ಮ ಕಡೆಯಿಂದ ಯಾವತ್ತೂ ಕೆಟ್ಟಿಲ್ಲ ಸಾರ್, ಬೀಗದ ಕಡೆಯಿಂದ ಕೆಟ್ಟಿದೆ, ಸಭೆ ಬೀಗದ ಜೊತೆ ಮಾಡಿ ಅಂದ್ವಿ. ನಿಮ್ಮಪ್ಪ ಡೈರಿ ಜಗಲೀಲಿ ಈಗ ಮಾತಾಡ್ತಿಲ್ಲ. ಅದು ಒಳ್ಳೇದೋ ಕೆಟ್ಟದ್ದೋ ಗೊತ್ತಿಲ್ಲ.

ಇನ್ನೊಂದು ಸಂಗತಿ. ಗುರುವಾರ ಊಟದ ಹೊತ್ತಲ್ಲಿ ನಿಮ್ಮ ತಾಯಿ ಬಸ್ಸಿಳಿದು ಫಿಲೇಚರ್ ಗೇಟಿಗೆ ಬಂದ್ರು. ಸೆರಗಿನೊಳಗಿಂದ ಒಂದು ಗಂಟು ತೆಗೆದು ಕೊಟ್ರು. ನಿನ್ನ ಹಳೇ ಬೆಂಡು. ಒಣಗಿ ಹಗುರ ಆಗಿದೆ, ಹಗ್ಗ ಇಲಿ ಕಡಿದಿದೆ. “ಏಳು ಜಾಕೆಟ್ ಬಂದಿದೆಯಂತೆ. ಎಂಟನೇದು ಇಲ್ವೇನಮ್ಮ?” ಅಂದ್ರು. ಯಾರಿಗೆ ಅಂದೆ. “ಮದುವೆಯಾಗಿ ಬಂದಾಗಿಂದ ಆ ಬಾವೀಲಿ ನೀರು ಸೇದಿದೀನಿ. ಕಾಲು ಇಳಿಬಿಟ್ಟಿಲ್ಲ. ಹೆಂಗಸರು ಇಳಿಯೋ ಹಂಗಿರಲಿಲ್ಲ” ಅಂದ್ರು. ಜಾಕೆಟ್ ಇಲ್ಲಮ್ಮ, ಬೆಂಡು ಇದೆಯಲ್ಲ, ಹೊಸ ಹಗ್ಗ ಹಾಕಿ ಕಟ್ಕೊಳ್ಳಿ ಅಂದೆ. ಬರ್ತಾರೋ ಇಲ್ವೋ. ಅವರನ್ನ ನಂಬಿ ನಾವು ಹೊರಟಿಲ್ಲ, ಬಂದ್ರೆ ಬೇಡ ಅನ್ನಲ್ಲ. ನಮಗೆ ಬೇಡ ಅಂದೋರ ಥರ ನಾವಾಗಲ್ಲ.

ಈಗ ನಿನ್ನ ಮಾತು. ಬೇಗ ಸಿಗಲಿ ಅಂತ ಈ ಕಾಗದ ಸ್ಪೀಡ್ ಪೋಸ್ಟಲ್ಲಿ ಹಾಕ್ತಿದ್ದೀನಿ. ಎಸೆಯೋ ಹಗ್ಗ ಕಳಿಸಿದೆಯಲ್ಲ, ಅದನ್ನ ಎಸೆಯೋನು ಯಾರು? ನಮ್ಮಲ್ಲಿ ಯಾರಿಗೂ ಬರಲ್ಲ. ಹಗ್ಗ ಎಸೆಯೋನು ಕಟ್ಟೆ ಮೇಲೆ ನಿಂತಿರಬೇಕು, ಎಲ್ಲರ ಕಣ್ಣಿಗೆ ಬೀಳೋ ಹಂಗೆ, ನಿಮ್ಮಪ್ಪನ ಕಣ್ಣಿಗೂ. ಕ್ಯಾಂಪಿನ ಕಾಗದದಲ್ಲಿ ‘ಗೈಡ್ ನೋಡಿ ಒಪ್ಪಿದರೆ’ ಅಂತ ಬರೆದೋನೂ ನೀನೇ. ಹೊಳೆ ಪಕ್ಕ ಕೂತು ಬಾವಿ ನೋಡೋಕಾಗಲ್ಲ.

ನೀನು ಬರದಿದ್ರೂ ಇಳೀತೀವಿ. ಅವತ್ತು ಅರ್ಧ ರಜೆ ಅಲ್ಲ, ಒಪ್ಪಂದದಲ್ಲಿರೋ ಪೂರ್ತಿ ರಜೆಯೇ ತಗೋತೀವಿ. ಮೊದಲು ಚಿಕ್ಕವೆಂಕಟಮ್ಮ ಇಳೀತಾಳೆ. ಹೂಳು ತೆಗೆದೋಳು, ಪ್ರತಿ ಮೆಟ್ಟಿಲೂ ಅವಳಿಗೆ ಗೊತ್ತು. ಆಮೇಲೆ ಶಾತಾಜ್, ಶಿರೀಷಾ, ಉಳಿದೋರು. ಕಡೆಯೋಳು ನಾನು. ಬಟ್ಟೆ ಕಾಯೋಕೆ ಈ ಸಲ ಯಾರನ್ನೂ ಕೂರಿಸಲ್ಲ.

ಜೂನ್ ಹದಿನೈದು, ಭಾನುವಾರ, ಬೆಳಿಗ್ಗೆ ಏಳು ಗಂಟೆ. ಗುಂಡುತೋಪಿನ ಬಾವಿ.

ಶೋಭಾ